ಟೇಪಿನೊಳಗಿನ ದನಿಗೆ ವಾರಸುದಾರರು ಯಾರು?

ತುಳುನಾಡಿನ ಸಿರಿ ಪಾಡ್ದನ, ಎಂದರೆ ಸಿರಿ ಎಂಬ ಹೆಣ್ಣಿನ ಕತೆ ಹೇಳುವ ಹಾಡು, ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ಎರಡು ಬೇರೆ ಬೇರೆ ಬಗೆಯಲ್ಲಿ ದಾಖಲೆಯಾಗಿದೆ. 1985-86ರಲ್ಲಿ ಕೆ. ಚಿನ್ನಪ್ಪ ಗೌಡರು ಎದುರು ಕೂತು ಬರೆದುಕೊಂಡಾಗ ನಾಯ್ಕರು ಹೇಳಿ ಬರೆಸಿದ ಪಾಠ ಸುಮಾರು ಎಂಟೂವರೆ ಸಾವಿರ ಸಾಲುಗಳಷ್ಟಿತ್ತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನೇಲಿ ಹಾಂಕೊ, ಬಿ.ಎ. ವಿವೇಕ ರೈ ಮತ್ತು ಅದೇ ಚಿನ್ನಪ್ಪ ಗೌಡರು ಇದ್ದ ತಂಡದ ಎದುರು ಅವರು ಅದೇ ಕತೆಯನ್ನು ದಿನಗಟ್ಟಲೆ ಹಾಡಿದಾಗ ಅದು 15,683 ಸಾಲುಗಳಿಗೆ ಬೆಳೆಯಿತು. ಹಾಡುಗಾರ ಒಬ್ಬರೇ, ಕತೆ ಒಂದೇ, ನಡುವೆ ಕಳೆದದ್ದು ನಾಲ್ಕೈದು ವರ್ಷ. ಆದರೂ ಎರಡನೆಯ ಪಾಠ ಮೊದಲಿನದರ ಹತ್ತಿರ ಹತ್ತಿರ ಎರಡರಷ್ಟಾಯಿತು.

ಜನಸಮುದಾಯಗಳ ಕತೆಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಾಪಿಡುವ ವಿಚಾರ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಎರಡು ಅಂಕಿಗಳು. ಬರೆದುಕೊಳ್ಳುವವರ ಪೆನ್ನಿನ ವೇಗಕ್ಕೆ ತನ್ನ ಮಾತನ್ನು ತಡೆದು ತಡೆದು ಹೇಳುವ ಹಾಡುಗಾರ, ರಾಗ ಹಿಡಿದು ಎಗ್ಗಿಲ್ಲದೆ ಹಾಡುವ ಹಾಡುಗಾರನಿಗಿಂತ ಬೇರೆಯೇ ಆಗಿರುತ್ತಾನೆ. ಪುನರಾವರ್ತನೆಗಳು, ಸೀರೆ ಉಡುವುದನ್ನೋ ದಂಡಿಗೆ ಹೊರುವುದನ್ನೋ ಬಿಡಿಬಿಡಿಸಿ ಹೇಳುವ ವರ್ಣನೆಗಳು, ಪಾತ್ರಗಳ ನಡುವಿನ ಮಾತುಕತೆ ಇವೆಲ್ಲ ರಾಗದ ಜೊತೆಗೇ ಬರುತ್ತವೆ. ರಾಗ ತೆಗೆದರೆ ಹಿಂದೆ ಸರಿಯುತ್ತವೆ. ಹಾಗಾದರೆ ನಾವು ಉಳಿಸಿದ್ದೇವೆ ಎಂದುಕೊಳ್ಳುವ ಕತೆ ಯಾವುದು ಎಂಬ ಪ್ರಶ್ನೆಗೆ ಉತ್ತರ, ನಾವು ಅದನ್ನು ಯಾವ ಸನ್ನಿವೇಶದಲ್ಲಿ, ಯಾವ ಸಾಧನದಿಂದ, ಯಾರ ಮುಂದೆ ಕೇಳಿಸಿಕೊಂಡೆವು ಎಂಬುದನ್ನು ಅವಲಂಬಿಸಿರುತ್ತದೆ. ಆ ವಿವರಗಳನ್ನು ಬರೆದಿಡದಿದ್ದರೆ ಎಂಟೂವರೆ ಸಾವಿರ ಸಾಲಿನ ಪಾಠವನ್ನೇ ಪೂರ್ಣವೆಂದು ಮುಂದಿನವರು ನಂಬಿಬಿಡುತ್ತಾರೆ.

ಸಿರಿಯ ಕತೆ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಮಕ್ಕಳಿಲ್ಲದ ಮುಪ್ಪಿನ ಬೆರ್ಮು ಆಳ್ವನಿಗೆ ಬೆರ್ಮೆರ್ ದೈವದ ಕೃಪೆಯಿಂದ ಹಿಂಗಾರದಲ್ಲಿ ಸಿಕ್ಕ ಮಗಳು ಸಿರಿ. ಬಯಕೆಯ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ತನ್ನ ಸೂಳೆಯ ಮನೆಗೆ ಒಯ್ದು, ಅವಳು ಉಟ್ಟು ಬಿಟ್ಟದ್ದನ್ನು ತಂದಾಗ ಅದನ್ನು ತಿರಸ್ಕರಿಸುವ ಸಿರಿ, ಕೊನೆಗೆ ಊರವರೆದುರೇ ಅವನಿಂದ ಬಿಡುಗಡೆ ಪಡೆದು ಮಗ ಕುಮಾರನೊಂದಿಗೆ ಹೊರಟುಬಿಡುತ್ತಾಳೆ. ಮುಂದೆ ಸಿರಿಯ ಮಗಳು ಸೊನ್ನೆ, ಗಿಂಡೆ, ಚೆನ್ನೆಮಣೆಯ ಮುಂದೆ ಜಗಳವಾಡಿ ಸಾಯುವ ಅವಳಿಗಳಾದ ಅಬ್ಬಗ ದಾರಗ ಎಂದು ಕತೆ ತಲೆಮಾರುಗಳ ತನಕ ಹರಿಯುತ್ತದೆ. ಕವತ್ತಾರು, ನಂದಳಿಕೆ, ಹಿರಿಯಡಕ ಮೊದಲಾದ ಕಡೆ ನಡೆಯುವ ಸಿರಿ ಜಾತ್ರೆಗಳಲ್ಲಿ ಹೆಂಗಸರು ಮೈಮೇಲೆ ಬಂದ ಸ್ಥಿತಿಯಲ್ಲಿ ‘ನಾನು ಸಿರಿ’, ‘ನಾನು ಸೊನ್ನೆ’ ಎಂದು ಈ ಕತೆಯನ್ನು ತಮ್ಮದೇ ಬದುಕೆಂಬಂತೆ ಹೇಳಿಕೊಳ್ಳುತ್ತಾರೆ. ಗೋಪಾಲ ನಾಯ್ಕರು ಈ ಆಚರಣೆಯ ಒಳಗಿನವರು. ಹಾಗೆ ಸೇರುವ ಹೆಂಗಸರ ಗುಂಪೊಂದನ್ನು ಮುನ್ನಡೆಸುತ್ತಿದ್ದವರು. ಮನೆಯಲ್ಲಿ ಹೇಳಲಾಗದ ನೋವನ್ನು ಒಬ್ಬ ಹೆಂಗಸು ಸಿರಿಯ ಹೆಸರಿನಲ್ಲಿ ಸಾವಿರ ಜನರ ನಡುವೆ ಹೇಳುವಾಗ ಅದು ಕತೆಯೂ ಹೌದು, ಅವಳ ಸ್ವಂತ ಅಹವಾಲೂ ಹೌದು. ಇದನ್ನು ಯಾವ ಕಪಾಟಿನಲ್ಲಿ, ಯಾವ ವರ್ಗೀಕರಣ ಸಂಖ್ಯೆಯ ಅಡಿಯಲ್ಲಿ ಇಡಬೇಕು ಎಂದು ಗ್ರಂಥಪಾಲಕರು ತಲೆ ಕೆರೆದುಕೊಂಡರೆ ಅವರ ತಪ್ಪೇನೂ ಇಲ್ಲ.

1990ರ ಆ ಹಾಡಿಕೆ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು: ಒಂದು ಸಂಪುಟ ಪೂರ್ತಿ ಅಧ್ಯಯನಕ್ಕೆ, ಎರಡು ಸಂಪುಟ ಪಠ್ಯಕ್ಕೆ. ಪಠ್ಯದ ಸಂಪುಟಗಳ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ ಎಂಬುದು ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಇದು ನಾಯ್ಕರು ಹಾಡಿದ ಸಿರಿ ಕಾವ್ಯ, ಬೇರೊಬ್ಬರು ಹಾಡಿದರೆ ಬೇರೆಯದಾದೀತು ಎಂಬ ತಿಳಿವಳಿಕೆ ಆ ಶೀರ್ಷಿಕೆಯ ಹಿಂದಿದೆ. ಅದೇ ಹೊತ್ತಿಗೆ, ತುಳು ಪಠ್ಯ ಅಚ್ಚಾದದ್ದು ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದೊಂದಿಗೆ. ಜಗತ್ತಿನ ವಿದ್ವಾಂಸರಿಗೆ ಅದು ಬೇಕಾಗಿತ್ತು, ಆ ಕೆಲಸದ ಗುಣಮಟ್ಟದ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ನಂದಳಿಕೆಯ ಜಾತ್ರೆಗೆ ಹೋಗುವ ಹೆಂಗಸೊಬ್ಬಳು ಆ ಸಂಪುಟವನ್ನು ಕೈಗೆತ್ತಿಕೊಂಡು ತನ್ನ ಕತೆಯನ್ನು ತಾನೇ ಓದಿಕೊಳ್ಳುವ ಚಿತ್ರ ನನ್ನ ಕಣ್ಣ ಮುಂದೆ ಬರುವುದಿಲ್ಲ.

ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ: ಒಂದು ಸಂಗ್ರಹ ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಅದರೊಳಗೆ ಎಷ್ಟು ಸಾವಿರ ಗಂಟೆಗಳ ಧ್ವನಿಮುದ್ರಣವಿದೆ ಎಂಬುದರಿಂದ ಅಳೆಯಬಾರದು, ಹಾಡಿದವರ ಮಗಳೋ ಮೊಮ್ಮಗನೋ ಅಲ್ಲಿಗೆ ಬಂದು, ‘ನಮ್ಮಜ್ಜಿಯ ದನಿ ನಿಮ್ಮಲ್ಲಿದೆಯಂತೆ, ಕೇಳಬಹುದೇ’ ಎಂದರೆ ಏನು ಉತ್ತರ ಸಿಗುತ್ತದೆ ಎಂಬುದರಿಂದ ಅಳೆಯಬೇಕು. ಈ ಒರೆಗಲ್ಲಿಗೆ ಹಚ್ಚಿದರೆ ನಮ್ಮ ಬಹುಪಾಲು ಸಂಗ್ರಹಗಳ ಸ್ಥಿತಿ ಹೇಗಿದೆ ಎಂಬುದನ್ನು ಹೇಳುವುದು ಕಷ್ಟವಲ್ಲ.

ಆಗಿರುವ ಕೆಲಸವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾದಾಗ, ಬೀಸುವ ಕಲ್ಲನ್ನೂ ಸೋಮನ ಮುಖವನ್ನೂ ವಿಶ್ವವಿದ್ಯಾಲಯದ ಆವರಣಕ್ಕೆ ತಂದಿಡುವುದೇ ಒಂದು ಸಾಹಸವಾಗಿತ್ತು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ ಇಂದು ಸಾವಿರಾರು ವಸ್ತುಗಳಿವೆ. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರು ಊರೂರು ಅಲೆದು ಕೂಡಿಸಿದ ಬಂಡವಾಳ ಅದು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ದಶಕದಲ್ಲಿಯೇ ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ ಮೊದಲಾದ ಜನಪದ ಮಹಾಕಾವ್ಯಗಳನ್ನು ದಪ್ಪ ದಪ್ಪ ಸಂಪುಟಗಳಾಗಿ ಪ್ರಕಟಿಸಿತು. ಕಂಸಾಳೆಯವರು, ನೀಲಗಾರರು, ಕಾಡುಗೊಲ್ಲರು ರಾತ್ರಿಯಿಡೀ ಹಾಡುತ್ತಿದ್ದ ಕತೆಗಳು ಪಂಪ ಕುಮಾರವ್ಯಾಸರ ಪಕ್ಕದ ಕಪಾಟಿಗೆ ಬಂದದ್ದು ಕನ್ನಡದ ಮಟ್ಟಿಗೆ ದೊಡ್ಡ ಸಂಗತಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಸರೆಯಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ಕೇಂದ್ರ ಆಡಿಯೊ ವಿಡಿಯೊ ದಾಖಲೀಕರಣವನ್ನು ಗಂಭೀರವಾದ ವಿದ್ಯೆಯಾಗಿ ಕಲಿಸಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಬಂತು.

ಇಷ್ಟೆಲ್ಲ ಆದರೂ ನಮ್ಮ ಸಂಗ್ರಹದ ಕೆಲಸ ಬಹುತೇಕ ಪುಸ್ತಕವನ್ನು ಗುರಿಯಾಗಿಟ್ಟುಕೊಂಡೇ ನಡೆಯಿತು. ಟೇಪು ಎಂಬುದು ಪುಸ್ತಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ಒಂದು ಮೆಟ್ಟಿಲಾಗಿತ್ತು. ಪಠ್ಯವನ್ನು ಇಳಿಸಿಕೊಂಡು, ಸಂಪಾದಿಸಿ, ಅಚ್ಚು ಹಾಕಿಸಿದ ಮೇಲೆ ಕ್ಯಾಸೆಟ್ಟಿನ ಕೆಲಸ ಮುಗಿಯಿತು. ಎಷ್ಟೋ ಸಲ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಊರಿನ ಹಾಡನ್ನು ಮುದ್ರಿಸಿಕೊಂಡದ್ದೂ ಉಂಟು, ಏಕೆಂದರೆ ಸಂಶೋಧನ ವಿದ್ಯಾರ್ಥಿಯ ಜೇಬಿನಿಂದಲೇ ಆ ದುಡ್ಡು ಹೋಗುತ್ತಿತ್ತು. ಪಿಎಚ್‌.ಡಿ. ಮುಗಿಸಿದವರ ಮನೆಯ ಅಟ್ಟದ ಮೇಲೆ ಇಂಥ ಕ್ಯಾಸೆಟ್ಟುಗಳ ಪೆಟ್ಟಿಗೆಗಳನ್ನು ನಾನೇ ಕಂಡಿದ್ದೇನೆ. ಒಂದು ವಿಶ್ವವಿದ್ಯಾಲಯದ ವಿಭಾಗದಲ್ಲಿ ಬೀರುವಿನ ತುಂಬ ಸ್ಪೂಲ್ ಟೇಪುಗಳಿದ್ದವು, ಅವನ್ನು ಹಾಕಿ ಕೇಳುವ ಯಂತ್ರ ಮಾತ್ರ ಇರಲಿಲ್ಲ. ಕೆಟ್ಟುಹೋಗಿದ್ದ ಯಂತ್ರವನ್ನು ನಿರುಪಯುಕ್ತ ವಸ್ತುಗಳ ಹರಾಜಿನಲ್ಲಿ ಹಾಕಿಬಿಟ್ಟಿದ್ದರಂತೆ. ದಾಸ್ತಾನು ಪುಸ್ತಕದಲ್ಲಿ ಟೇಪುಗಳೂ ಯಂತ್ರವೂ ಬೇರೆ ಬೇರೆ ಪುಟಗಳಲ್ಲಿದ್ದುದರಿಂದ ಅವುಗಳ ನಡುವಿನ ನಂಟು ಯಾರ ಗಮನಕ್ಕೂ ಬರಲಿಲ್ಲ.

ಮ್ಯಾಗ್ನೆಟಿಕ್ ಟೇಪಿಗೆ ಕಾಲ ತುಂಬ ಇಲ್ಲ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಲೋಹದ ಆಕ್ಸೈಡ್ ಕಣಗಳನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ. ಹಾಕಿ ಓಡಿಸಿದರೆ ಕಣಗಳು ಕಿತ್ತು ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತವೆ, ದನಿ ಅಲ್ಲಿಗೆ ಮುಗಿಯುತ್ತದೆ. ಹಳೆಯ ಅಸಿಟೇಟ್ ಟೇಪುಗಳಾದರೆ ವಿನೆಗರಿನ ಹುಳಿ ವಾಸನೆ ಬಿಡುತ್ತಾ ಸುರುಟಿಕೊಳ್ಳುತ್ತವೆ. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಬೇರೆ. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಕೊಟ್ಟ ಎಚ್ಚರಿಕೆಯ ಪ್ರಕಾರ, ಟೇಪುಗಳು ಹಾಳಾಗದಿದ್ದರೂ ಅವನ್ನು ಓದುವ ಯಂತ್ರಗಳು ಮತ್ತು ಬಿಡಿಭಾಗಗಳು 2025ರ ಸುಮಾರಿಗೆ ಸಾಮಾನ್ಯ ಬಳಕೆಗೆ ಸಿಗದಂತಾಗುತ್ತವೆ ಎಂಬುದು ತಜ್ಞರ ಅಂದಾಜಾಗಿತ್ತು. ಆ ಗಡುವು ಬಂದೇ ಬಿಟ್ಟಿದೆ. ಒಂದು ಗಂಟೆಯ ಟೇಪನ್ನು ಡಿಜಿಟಲ್ ರೂಪಕ್ಕೆ ತರಲು ಕನಿಷ್ಠ ಒಂದು ಗಂಟೆ ಬೇಕೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಸಂಗ್ರಹಕ್ಕೆ ಯೋಗ್ಯವೆಂದು ಒಪ್ಪಿತವಾಗಿರುವ 96 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 2 ಜಿಬಿ ಜಾಗ ಹಿಡಿಯುತ್ತದೆ. ಇಂದಿನ ಹಾರ್ಡ್ ಡಿಸ್ಕಿನ ಬೆಲೆಯಲ್ಲಿ ಇದು ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಎಂದರೆ ಟೇಪಿನ ಮುಂದೆ ಕೂತು ಕೇಳುತ್ತಾ, ಯಾರು ಹಾಡುತ್ತಿದ್ದಾರೆ, ಏನು ಹಾಡುತ್ತಿದ್ದಾರೆ ಎಂದು ಬರೆದುಕೊಳ್ಳಬಲ್ಲ, ಆ ಊರಿನ ಮಾತು ಬಲ್ಲ ಮನುಷ್ಯರ ಸಂಬಳ. ಕಳೆದ ದಶಕಗಳಲ್ಲಿ ಹಲವರು ಟೇಪುಗಳನ್ನು ಸಿಡಿಗೆ ಇಳಿಸಿ ನಿಶ್ಚಿಂತರಾದರು. ಈಗ ಆ ಸಿಡಿಗಳೇ ಓದಲು ಬಾರದಂತಾಗಿವೆ.

ಯಂತ್ರದ ಮಾತು ಇಲ್ಲಿಗೆ ಸಾಕು. ಮಾಹಿತಿ ಕಾರ್ಡಿನ ವಿಚಾರವೇ ನನಗೆ ಹೆಚ್ಚು ಕಾಡುವುದು. ‘ಸೋಬಾನೆ ಪದ, ಮಂಡ್ಯ ಜಿಲ್ಲೆ, ಹೆಂಗಸರು’ ಎಂದಷ್ಟೇ ಬರೆದ ಕ್ಯಾಸೆಟ್ಟಿನ ಮೇಲಿನ ಚೀಟಿಯನ್ನು ಯೋಚಿಸಿ. ಸಂಗ್ರಹಕಾರರ ಹೆಸರು, ಪದವಿ, ವಿಭಾಗ ಎಲ್ಲ ಇರುತ್ತದೆ, ಹಾಡಿದವರು ‘ಹೆಂಗಸರು’. ಜಾನಪದ ಎಂದರೆ ಕರ್ತೃವಿಲ್ಲದ್ದು, ಸಮೂಹದ್ದು ಎಂಬ ಸಿದ್ಧಾಂತ ಈ ಅಸಡ್ಡೆಗೆ ಒಳ್ಳೆಯ ನೆಪವಾಯಿತು. ಕತೆ ಸಮೂಹದ್ದಿರಬಹುದು, ಆದರೆ ಆ ಮಧ್ಯಾಹ್ನ ಕೆಲಸ ಬಿಟ್ಟು ಬಂದು ಜಗಲಿಯ ಮೇಲೆ ಕೂತು ಹಾಡಿದವಳು ಒಬ್ಬಳೇ. ಆಕೆಗೆ ಹೆಸರಿದೆ, ಗುರುವಿದ್ದಾಳೆ. ಅತ್ತೆಯಿಂದ ಕಲಿತದ್ದು ಯಾವುದು, ತವರಿನಿಂದ ತಂದದ್ದು ಯಾವುದು ಎಂಬ ಖಚಿತ ಲೆಕ್ಕ ಅವಳಲ್ಲಿದೆ. ಕೇಳಿದ್ದರೆ ಹೇಳುತ್ತಿದ್ದಳು.

ಕಾನೂನು ಕೂಡ ಈ ವಿಷಯದಲ್ಲಿ ನಮ್ಮ ವಿಭಾಗಗಳಿಗಿಂತ ಮುಂದಿದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ‘ಪ್ರದರ್ಶಕ’ರನ್ನು ಪ್ರತ್ಯೇಕವಾಗಿ ಗುರುತಿಸಿ, ಅವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ನಟ, ಗಾಯಕ, ವಾದ್ಯಗಾರ, ನರ್ತಕರ ಜೊತೆಗೆ ದೊಂಬರಾಟದವರು, ಗಾರುಡಿಗರು, ಹಾವಾಡಿಗರು, ಉಪನ್ಯಾಸ ಮಾಡುವವರು ಎಲ್ಲರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. (ಉಪನ್ಯಾಸಕರನ್ನೂ ಹಾವಾಡಿಗರನ್ನೂ ಒಂದೇ ಸಾಲಿನಲ್ಲಿ ಕೂರಿಸಿದವರ ಹಾಸ್ಯಪ್ರಜ್ಞೆಗೆ ನಾನು ಮನಸೋತಿದ್ದೇನೆ.) ಈಗ ಈ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿ ಪ್ರದರ್ಶಕರಿಗೆ ತಮ್ಮ ಹೆಸರಿನಿಂದ ಗುರುತಿಸಲ್ಪಡುವ ನೈತಿಕ ಹಕ್ಕನ್ನೂ ಕೊಟ್ಟಿತು. ಆದುದರಿಂದ ಹಾಡಿದವಳ ಹೆಸರನ್ನು ಬರೆದುಕೊಳ್ಳುವುದು ಸಂಗ್ರಹಕಾರರ ಸೌಜನ್ಯಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ.

ಕತೆಗಳು ತಮ್ಮೂರಿನಿಂದ ದೂರ ಹೋಗಿ ಹೇಗೆ ಕೂತುಬಿಡುತ್ತವೆ ಎಂಬುದಕ್ಕೆ ಕನ್ನಡದಲ್ಲಿ ಹಳೆಯ ಉದಾಹರಣೆಯೊಂದಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನೇಮಕವಾದ ಕಾಲಿನ್ ಮೆಕೆಂಜಿ, ಅಳತೆಯ ಕೆಲಸದ ಜೊತೆಜೊತೆಗೇ ಶಾಸನಗಳನ್ನೂ, ಓಲೆಗರಿಗಳನ್ನೂ, ಊರೂರಿನ ಕೈಫಿಯತ್ತುಗಳನ್ನೂ ಬರೆಸಿ ತರಿಸಿಕೊಂಡ. ಊರು ಹೇಗೆ ಹುಟ್ಟಿತು, ಕೆರೆ ಕಟ್ಟಿಸಿದ್ದು ಯಾರು, ಪಾಳೆಯಗಾರರ ವಂಶ ಯಾವುದು, ದೇವರು ಎಲ್ಲಿಂದ ಬಂದು ನೆಲೆಸಿದ ಎಂದು ಊರಿನವರು ಹೇಳಿಕೊಂಡದ್ದರ ಬರಹರೂಪ ಈ ಕೈಫಿಯತ್ತುಗಳು. ಅವನ್ನು ನಿಜವಾಗಿ ಕೂಡಿಸಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಸಂಗ್ರಹ ಮಾತ್ರ ಇಂದಿಗೂ ಮೆಕೆಂಜಿಯ ಹೆಸರಿನಲ್ಲಿದೆ. ಅವನು 1821ರಲ್ಲಿ ತೀರಿಕೊಂಡ ಬಳಿಕ ಆ ರಾಶಿ ಹಂಚಿಹೋಯಿತು: ಒಂದು ಪಾಲು ಲಂಡನ್ನಿಗೆ, ದಕ್ಷಿಣದ ಭಾಷೆಗಳ ದೊಡ್ಡ ಪಾಲು ಮದರಾಸಿಗೆ. ಮದರಾಸು ವಿಶ್ವವಿದ್ಯಾಲಯದ ಗ್ರಂಥಾಲಯದ ಕಟ್ಟಡದಲ್ಲಿ ಬಹುಕಾಲ ಇದ್ದ ಸರಕಾರಿ ಹಸ್ತಪ್ರತಿ ಭಂಡಾರದಲ್ಲಿ ಕನ್ನಡದ ಕೈಫಿಯತ್ತುಗಳು ತಲೆಮಾರುಗಟ್ಟಲೆ ಮಲಗಿದ್ದವು. ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ಪ್ರಕಟಿಸಿದ್ದು 1994ರಲ್ಲಿ. ಹೇಳಿದ ಊರಿಗೆ ಕತೆ ಅಚ್ಚಿನ ರೂಪದಲ್ಲಿ ವಾಪಸು ಬರಲು ಎರಡು ಶತಮಾನ ಹಿಡಿಯಿತೆಂದರೆ ಅತಿಶಯೋಕ್ತಿಯಲ್ಲ. ಉಳಿದದ್ದೇ ಪುಣ್ಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ, ಆದರೆ ಇಂದು ಕ್ಷೇತ್ರಕಾರ್ಯಕ್ಕೆ ಹೊರಟವರು ಅಷ್ಟಕ್ಕೇ ತೃಪ್ತರಾಗಬಾರದು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಕೊಡಗಿನದು. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ತಮ್ಮ ಜನರ ಹಾಡು, ಗಾದೆ, ಪದ್ಧತಿಗಳನ್ನು ತಾವೇ ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದರು. ಕೊಡವ ನುಡಿಯನ್ನು ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕಿಸಿದ್ದರಿಂದ ಅದು ಮನೆಮನೆಯಲ್ಲಿ ಬಳಕೆಯ ಪುಸ್ತಕವಾಯಿತು, ಮದುವೆ ಹಬ್ಬಗಳಲ್ಲಿ ಹಾಡುವವರಿಗೆ ಆಧಾರವಾಯಿತು. ಅವರ ಮೊಮ್ಮಕ್ಕಳೇ ಮುಂದೆ ಅದನ್ನು ಇಂಗ್ಲಿಷಿಗೆ ತಂದರು. ಹೊರಗಿನ ವಿದ್ವಾಂಸನ ಶಿಸ್ತಿಗೂ ಒಳಗಿನವರ ಹಕ್ಕಿಗೂ ಬೆಲೆ ಇದೆ ಎಂದು ಸಮಾಧಾನವಾಗಿ ಹೇಳಿಬಿಡುವುದು ಸುಲಭ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಚಿಣ್ಣಪ್ಪನವರ ದಾರಿಯನ್ನೇ ಆರಿಸುತ್ತೇನೆ.

ಕಾಪಿಡುವುದರಲ್ಲಿ ಅಪಾಯವೂ ಇದೆ ಎಂಬುದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಚರ್ಚಿಸುವುದಿಲ್ಲ. ಅಮೆರಿಕದ ಬೋಸ್ಟನ್ ಕಾಲೇಜು ಎಂಬ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಗ್ರಂಥಾಲಯ ವಿಜ್ಞಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಉತ್ತರ ಐರ್ಲೆಂಡಿನ ದಶಕಗಳ ರಕ್ತಪಾತದಲ್ಲಿ ಎರಡೂ ಕಡೆ ಬಂದೂಕು ಹಿಡಿದಿದ್ದವರ ನೆನಪುಗಳನ್ನು ಅವರ ಬಾಯಲ್ಲಿಯೇ ದಾಖಲಿಸುವ ಯೋಜನೆ ಅಲ್ಲಿ 2001ರಲ್ಲಿ ಆರಂಭವಾಗಿ 2006ರ ತನಕ ನಡೆಯಿತು. ನೀವು ಬದುಕಿರುವ ತನಕ ಇದು ಹೊರಗೆ ಬರುವುದಿಲ್ಲ ಎಂಬ ಭರವಸೆಯ ಮೇಲೆ ಜನ ಮಾತಾಡಿದರು. ಟೇಪುಗಳು ವಿಶ್ವವಿದ್ಯಾಲಯದ ಬರ್ನ್ಸ್ ಗ್ರಂಥಾಲಯದಲ್ಲಿ ಭದ್ರವಾಗಿ ಕೂತವು. 2010ರಲ್ಲಿ, ಆ ಹೊತ್ತಿಗೆ ತೀರಿಕೊಂಡಿದ್ದ ಇಬ್ಬರ ಸಂದರ್ಶನಗಳ ಆಧಾರದ ಮೇಲೆ ಪುಸ್ತಕವೊಂದು ಬಂತು. ಮರುವರ್ಷ, 1972ರಲ್ಲಿ ಅಪಹರಿಸಿ ಕೊಲ್ಲಲ್ಪಟ್ಟ ಜೀನ್ ಮೆಕಾನ್ವಿಲ್ ಎಂಬ ವಿಧವೆ ತಾಯಿಯ ಪ್ರಕರಣದ ತನಿಖೆಗೆಂದು ಬ್ರಿಟಿಷ್ ಪೊಲೀಸರ ಪರವಾಗಿ ಅಮೆರಿಕದ ಸರಕಾರ ಟೇಪುಗಳನ್ನು ಕೊಡುವಂತೆ ಸಮನ್ಸು ತಂದಿತು. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಹೋರಾಟ ನಡೆದು, ಕೇಳಿದ್ದಕ್ಕಿಂತ ಕಡಿಮೆಯಾದರೂ ಕೆಲವು ಸಂದರ್ಶನಗಳ ಭಾಗಗಳನ್ನು ಒಪ್ಪಿಸಲೇಬೇಕಾಯಿತು. 2014ರಲ್ಲಿ ಅದೇ ಪ್ರಕರಣದಲ್ಲಿ ಐರ್ಲೆಂಡಿನ ಪ್ರಮುಖ ರಾಜಕಾರಣಿ ಜೆರಿ ಆಡಮ್ಸ್‌ರನ್ನು ಬಂಧಿಸಿ, ನಾಲ್ಕು ದಿನ ಪ್ರಶ್ನಿಸಿ, ಆರೋಪ ಹೊರಿಸದೆ ಬಿಟ್ಟರು. ಅದೇ ವರ್ಷ, ಮಾತಾಡಿದವರು ಬಯಸಿದರೆ ಅವರವರ ಟೇಪುಗಳನ್ನು ಮರಳಿಸುವುದಾಗಿ ವಿಶ್ವವಿದ್ಯಾಲಯ ಹೇಳಿತು. 2019ರಲ್ಲಿ ಬೆಲ್‌ಫಾಸ್ಟಿನ ನ್ಯಾಯಾಲಯ ಆ ಧ್ವನಿಮುದ್ರಣಗಳನ್ನು ನಂಬಲರ್ಹ ಸಾಕ್ಷ್ಯವಲ್ಲವೆಂದು ಪಕ್ಕಕ್ಕಿಟ್ಟಿತು.

ಕೊಲೆಯಾದ ತಾಯಿಯ ಮಕ್ಕಳಿಗೆ ಸತ್ಯ ತಿಳಿಯುವ ಹಕ್ಕು ದೊಡ್ಡದೋ, ಮಾತು ಕೊಟ್ಟ ಗ್ರಂಥಾಲಯದ ವಚನ ದೊಡ್ಡದೋ ಎಂಬುದು ನನ್ನಿಂದ ಬಗೆಹರಿಯುವ ಪ್ರಶ್ನೆಯಲ್ಲ. ಆದರೆ ಗ್ರಂಥಾಲಯ ತನ್ನಿಂದ ಉಳಿಸಿಕೊಳ್ಳಲಾಗದ ಮಾತನ್ನು ಕೊಡಬಾರದಾಗಿತ್ತು ಎಂಬುದಂತೂ ಸ್ಪಷ್ಟ. ಕಾನೂನು ಎಷ್ಟು ಅವಕಾಶ ಕೊಡುತ್ತದೆಯೋ ಅಷ್ಟು ಮಟ್ಟಿಗೆ ಮಾತ್ರ ಗುಟ್ಟು ಉಳಿಯುತ್ತದೆ ಎಂಬ ಒಂದು ಸಾಲು ಒಪ್ಪಿಗೆಪತ್ರದಲ್ಲಿ ಇರಬೇಕಾಗಿತ್ತು.

ನಮ್ಮಲ್ಲಿ ಬಂದೂಕಿನ ಕತೆಗಳು ಕಡಿಮೆ ಇರಬಹುದು. ಅಪಾಯದ ಕತೆಗಳು ಕಡಿಮೆಯಿಲ್ಲ. ಊರಿನ ಮೇಲ್ಜಾತಿಯ ಮನೆತನವೊಂದು ಹಿಂದೆ ನಡೆಸಿದ ದೌರ್ಜನ್ಯವನ್ನು ಹೆಸರು ಹಿಡಿದು ಹೇಳುವ ಹಾಡು, ಜೀತದಲ್ಲಿದ್ದವರು ಹೇಳಿದ ನೆನಪು, ಕೆರೆಗೆ ಹಾರವಾದವಳ ಮನೆತನದ ಗುರುತು, ಓಡಿಹೋಗಿ ಮದುವೆಯಾದವರ ಸುದ್ದಿ, ಇವನ್ನು ಹೇಳಿದ ಮುದುಕಿ ಅದೇ ಊರಿನಲ್ಲಿ ಅದೇ ಮನೆಗಳ ನಡುವೆ ಬದುಕಬೇಕು. ಹಿಂದೆ ಇದು ವಿಭಾಗದ ಬೀರುವಿನಲ್ಲಿ ಬಿದ್ದಿರುತ್ತಿತ್ತು, ಈಗ ಒಂದು ಲಿಂಕಿನ ಮೂಲಕ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ. ಡಿಜಿಟಲೀಕರಣ ಎಂದೊಡನೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು ಎಂದು ಭಾವಿಸುವ ಉತ್ಸಾಹ ನನಗೆ ಭಯ ಹುಟ್ಟಿಸುತ್ತದೆ.

ದೈವಾರಾಧನೆಯ ವಿಚಾರದಲ್ಲಿ ಇದು ಇನ್ನೂ ಸೂಕ್ಷ್ಮ. ಪಾಡ್ದನವನ್ನು ನೇಜಿ ನೆಡುವ ಗದ್ದೆಯಲ್ಲಿ ಹೆಂಗಸರು ಹಾಡುವಾಗ ಅದು ಎಲ್ಲರದ್ದು. ಅದೇ ಕೋಲದ ಹೊತ್ತಿನಲ್ಲಿ ದೈವದ ವೇಷ ಕಟ್ಟುವವರ ಬಾಯಲ್ಲಿ ಬಂದಾಗ ಅದಕ್ಕೆ ಬೇರೆ ಮರ್ಯಾದೆ, ಬೇರೆ ಕಟ್ಟು. ಕೆಲವು ನುಡಿಗಟ್ಟುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ನುಡಿಯಬಾರದು ಎಂದು ಹೇಳುವ ಹಿರಿಯರಿದ್ದಾರೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಸಂಶೋಧಕ ಅವರ ಮನೆಯ ಜಗಲಿಯ ಮೇಲೆ ಕೂರುವ ಅರ್ಹತೆಯನ್ನೇ ಕಳೆದುಕೊಳ್ಳುತ್ತಾನೆ. ಇಂಥ ಕಟ್ಟುಪಾಡುಗಳನ್ನು ಗಣಕದೊಳಗೂ ಪಾಲಿಸಬಹುದು ಎಂಬುದನ್ನು ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕಿನ ವಾರುಮುಂಗು ಜನ ಮಾಡಿ ತೋರಿಸಿದ್ದಾರೆ. ಅವರ ಹಿರಿಯರೊಂದಿಗೆ ಕೂತು ಕಟ್ಟಿದ, ಬಳಿಕ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಮುಕುರ್ತು ಎಂಬ ತಂತ್ರಾಂಶದಲ್ಲಿ ಪ್ರತಿಯೊಂದು ಚಿತ್ರಕ್ಕೂ ಹಾಡಿಗೂ ಯಾರು ನೋಡಬಹುದು, ಯಾರು ನೋಡಬಾರದು ಎಂಬುದನ್ನು ಸಮುದಾಯವೇ ನಿಗದಿ ಮಾಡುತ್ತದೆ: ಇದು ಹೆಂಗಸರಿಗೆ ಮಾತ್ರ, ಇದು ಈ ಕುಲದವರಿಗೆ ಮಾತ್ರ ಎನ್ನುವ ಹಾಗೆ. ಆ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಅದನ್ನೇ ಬಳಸಬೇಕೆಂದು ನಾನು ಹೇಳುವುದಿಲ್ಲ. ಆದರೆ ‘ಎಲ್ಲರಿಗೂ ಮುಕ್ತ’ ಮತ್ತು ‘ಬೀರುವಿಗೆ ಬೀಗ’ ಎಂಬ ಎರಡೇ ಆಯ್ಕೆಗಳಿವೆ ಎಂಬ ನಂಬಿಕೆಯನ್ನಾದರೂ ಬಿಡಬೇಕು.

ಸಮುದಾಯದ ಕತೆ ಎಂದರೆ ಹಾಡು ಮತ್ತು ಮಹಾಕಾವ್ಯ ಮಾತ್ರ ಎಂಬ ಭಾವನೆಯೂ ಜಾನಪದ ವಿಭಾಗಗಳ ಪ್ರಭಾವದಿಂದ ಬಂದಿದೆ. ಬೀಡಿ ಕಟ್ಟಿದವರ ಲೆಕ್ಕದ ಪುಸ್ತಕ, ಹೆಂಚಿನ ಕಾರ್ಖಾನೆಯ ಹಾಜರಿ ಪಟ್ಟಿ, ಅಣೆಕಟ್ಟಿನ ನೀರಿನಡಿ ಮುಳುಗಿದ ಊರಿನವರು ಕಚೇರಿಗೆ ಬರೆದ ಅರ್ಜಿಗಳ ನಕಲು, ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಷನ್ ಕೊಟ್ಟ ಗೇಣಿದಾರರ ನೆನಪು, ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಕರಾವಳಿಯ ಹುಡುಗರ ಕಾಗದಗಳು, ಇವೆಲ್ಲ ಯಾವ ಗ್ರಂಥಾಲಯದ ಯಾವ ವಿಭಾಗಕ್ಕೆ ಸೇರಬೇಕು? ಕನ್ನಡ ವಿಭಾಗಕ್ಕೆ ಇದು ಸಾಹಿತ್ಯವಲ್ಲ, ಇತಿಹಾಸ ವಿಭಾಗಕ್ಕೆ ಇದು ಇನ್ನೂ ಹಳೆಯದಾಗಿಲ್ಲ. ಮನೆ ಕೆಡವಿ ಹೊಸದು ಕಟ್ಟುವಾಗ ಹಳೆಯ ಟ್ರಂಕಿನ ಕಾಗದಗಳು ಗುಜರಿಯವನ ತಕ್ಕಡಿಗೆ ಹೋಗುವುದು ಈ ಎರಡು ವಿಭಾಗಗಳ ನಡುವಿನ ಸಂದಿನಿಂದಲೇ.

ವಿಶ್ವವಿದ್ಯಾಲಯವೇ ಏಕೆ, ಊರಿನಲ್ಲೇ ಇಟ್ಟುಕೊಂಡರಾಗದೇ ಎಂದು ಕೇಳುವವರಿದ್ದಾರೆ. ಮಾತು ಸರಿಯೇ. ಆದರೆ ಊರಿನ ಯುವಕ ಸಂಘಕ್ಕೆ ಉತ್ಸಾಹ ಇರುವಷ್ಟು ಆಯುಸ್ಸು ಇರುವುದಿಲ್ಲ, ಹಾರ್ಡ್ ಡಿಸ್ಕ್ ಇಟ್ಟುಕೊಂಡಿದ್ದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಸಂಗ್ರಹವೂ ಅವನ ಜೊತೆ ಹೋಗುತ್ತದೆ. ವಿಶ್ವವಿದ್ಯಾಲಯಕ್ಕೆ ಎಷ್ಟೇ ಜಡತ್ವವಿರಲಿ, ಅದರ ಕಟ್ಟಡ ನಾಳೆಯೂ ಅಲ್ಲೇ ಇರುತ್ತದೆ, ಅದರ ಪರಿಗ್ರಹಣ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವುದು ಸುಲಭವಲ್ಲ. ಆ ಜಡತ್ವವೇ ಇಲ್ಲಿ ನಮಗೆ ಉಪಕಾರಿ. ಮೂಲಪ್ರತಿ ಅಲ್ಲಿರಲಿ, ಪ್ರತಿಗಳು ಊರಿನಲ್ಲಿರಲಿ.

ಊರಿಗೆ ಮರಳಿಸುವ ದಾರಿ ಈಗ ಮೊದಲಿನಷ್ಟು ಕಷ್ಟದ್ದಾಗಿ ಉಳಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ವಿಭಾಗದ ಮುಖ್ಯಸ್ಥರ ಪತ್ರ ಕೇಳುತ್ತಾರೆ. ನೀಲಗಾರರ ಮಗನಿಗೆ ಆ ಪತ್ರ ಕೊಡುವ ಮುಖ್ಯಸ್ಥರು ಯಾರೂ ಇಲ್ಲ. ಆದರೆ ಅವನ ಊರಿನ ಗ್ರಾಮ ಪಂಚಾಯಿತಿಯಲ್ಲಿ ಗ್ರಂಥಾಲಯವಿದೆ. ರಾಜ್ಯದ ಸಾವಿರಾರು ಪಂಚಾಯಿತಿಗಳಲ್ಲಿ ಈಗ ಅದಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು, ಹಲವು ಕಡೆ ಕಂಪ್ಯೂಟರೂ ಇದೆ. ಆ ಪಂಚಾಯಿತಿಯ ವ್ಯಾಪ್ತಿಯಲ್ಲಿ ಹಿಂದೆ ಯಾವ ಯಾವ ಊರಿನಲ್ಲಿ ಯಾರು ಯಾರು ಹಾಡಿದ್ದು ವಿಶ್ವವಿದ್ಯಾಲಯದ ಬಳಿ ಇದೆ ಎಂಬ ಪಟ್ಟಿ, ಹಾಡಿದವರ ಮನೆಯವರು ಒಪ್ಪಿದ ಧ್ವನಿಗಳ ಪ್ರತಿ, ಕೇಳಲು ಒಂದು ಜೊತೆ ಹೆಡ್‌ಫೋನು, ಇಷ್ಟನ್ನು ಅಲ್ಲಿಗೆ ತಲುಪಿಸಿದರೆ ನಾನು ಹೇಳಿದ ಒರೆಗಲ್ಲಿನ ಪ್ರಶ್ನೆಗೆ ಉತ್ತರ ಊರಿನಲ್ಲೇ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಚೀಟಿಯ ಮೇಲೆ ‘ಹೆಂಗಸರು’ ಎಂದಷ್ಟೇ ಬರೆದಿರುವ ಕ್ಯಾಸೆಟ್ಟನ್ನು ಕೇಳಿ, ‘ಇದು ಪಟೇಲರ ಕೇರಿಯ ಸಾಕಮ್ಮನ ದನಿ, ಹಿಂದೆ ಸೊಲ್ಲು ಹಿಡಿದವಳು ಅವಳ ತಂಗಿ’ ಎಂದು ಗುರುತು ಹಿಡಿಯಬಲ್ಲವರು ಇನ್ನೂ ಬದುಕಿರುವುದು ಆ ಊರುಗಳಲ್ಲಿಯೇ. ಸೂಚಿ ತಯಾರಿಸುವ ಕೆಲಸಕ್ಕೆ ಅವರಿಗಿಂತ ದೊಡ್ಡ ತಜ್ಞರು ವಿಶ್ವವಿದ್ಯಾಲಯಕ್ಕೆ ಸಿಗಲಾರರು. ಅವರನ್ನು ಕರೆಸಿ, ಟೇಪಿನ ಮುಂದೆ ಕೂರಿಸಿ, ಊಟ, ಬಸ್ಸಿನ ಖರ್ಚು ಮತ್ತು ದಿನದ ಸಂಭಾವನೆ ಕೊಡಲು ವಿಶ್ವವಿದ್ಯಾಲಯಗಳ ಆಯವ್ಯಯದಲ್ಲಿ ಒಂದು ಲೆಕ್ಕಶೀರ್ಷಿಕೆ ತೆರೆಯಬೇಕು. ಯಂತ್ರ ಖರೀದಿಗೆ, ಕಟ್ಟಡಕ್ಕೆ, ವಿಚಾರಸಂಕಿರಣಕ್ಕೆ ಶೀರ್ಷಿಕೆಗಳಿವೆ. ಈ ಕೆಲಸಕ್ಕೆಂದು ಒಂದು ಶೀರ್ಷಿಕೆ ಇರುವುದನ್ನು ನಾನು ಇದುವರೆಗೆ ಕಂಡಿಲ್ಲ. ಗುರುತು ಹಿಡಿಯಬಲ್ಲವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ.